ಸ್ಕೋರ್ ಬರೆಯೋಕೆ ಕೂರಿಸಬೇಡಿ, ಆಡಿಸಿ

ಪಿಟಿ ಮೇಷ್ಟ್ರಾದ ಮೊದಲ ವರ್ಷ, ವೀಲ್‌ಚೇರ್‌ನಲ್ಲಿ ಬರುತ್ತಿದ್ದ ಹುಡುಗಿಗೆ ಪ್ರತಿ ಪೀರಿಯಡ್ಡಲ್ಲೂ ಸ್ಕೋರ್ ಬರೆಯುವ ಕೆಲಸ ಕೊಟ್ಟಿದ್ದೆ. ಅವಳಿಗೂ ಒಂದು ಜವಾಬ್ದಾರಿ ಸಿಕ್ಕಿತಲ್ಲ ಅಂದುಕೊಂಡಿದ್ದೆ. ಮೂರು ತಿಂಗಳಾದ ಮೇಲೆ ಸ್ಕೋರ್ ಪುಸ್ತಕ ನನ್ನ ಕೈಗಿಡುತ್ತಾ, "ಸಾರ್, ನಾನು ಆಡೋದು ಯಾವಾಗ?" ಅಂದಳು. ಉತ್ತರ ಹೊಳೆಯಲಿಲ್ಲ.

ಅವತ್ತಿನಿಂದ ಆಟ ಹೊಂದಿಸುವಾಗ ನಾಲ್ಕು ವಿಷಯ ನೋಡುತ್ತೇನೆ: ಜಾಗ, ಮಾಡಬೇಕಾದ ಕೆಲಸ, ಸಾಮಾನು, ಜೊತೆಗಾರರು. ನಾಲ್ಕನ್ನೂ ಒಟ್ಟಿಗೆ ಬದಲಿಸಬೇಡಿ. ಒಂದನ್ನು ಬದಲಿಸಿ, ಆಡಿಸಿ, ನೋಡಿ.

ಅದಕ್ಕೂ ಮೊದಲು ಮಗುವನ್ನೂ ಮನೆಯವರನ್ನೂ ಕೇಳಿ. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಿಗೆ ಕತ್ತಿನ ಮೇಲಿನ ಎರಡು ಮೂಳೆಗಳ ಕೀಲು ಸಡಿಲ ಇರುತ್ತದೆ. ಡಾಕ್ಟರು ಒಪ್ಪದೆ ಲಾಗ ಹಾಕಿಸಬೇಡಿ. ಬೆನ್ನುಹುರಿಗೆ ಪೆಟ್ಟಾದವರಿಗೆ ಬೆವರು ಸರಿಯಾಗಿ ಬರದೆ ಮೈ ಬೇಗ ಬಿಸಿಯಾಗಬಹುದು. ನೆರಳು, ನೀರು ಹತ್ತಿರವಿರಲಿ.

ನನಗೆ ತುಂಬಾ ಇಷ್ಟವಾದ ಪಾಠ ಗೋಲ್‌ಬಾಲ್. ಎರಡನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1946ರಲ್ಲಿ ಹುಟ್ಟಿದ ಆಟ. ಒಂದು ಕಡೆ ಮೂವರು. ಎಲ್ಲರ ಕಣ್ಣಿಗೂ ಪಟ್ಟಿ. ಒಳಗೆ ಗೆಜ್ಜೆ ಇರುವ 1.25 ಕೆಜಿ ಚೆಂಡನ್ನು ಉರುಳಿಸಬೇಕು, ಎದುರಿನವರು ಸದ್ದು ಹಿಡಿದು ಅಡ್ಡ ಬೀಳಬೇಕು. ಅಂಥ ಚೆಂಡು ಇಲ್ಲವಾ? ಸಾಮಾನ್ಯ ಚೆಂಡಿಗೆ ಪ್ಲಾಸ್ಟಿಕ್ ಕವರ್ ಸುತ್ತಿ ಗಂಟು ಹಾಕಿ, ಸರಸರ ಅನ್ನುತ್ತದೆ. ಗೆರೆ ಎಳೆಯುವಾಗ ಟೇಪಿನ ಕೆಳಗೆ ದಾರ ಇಡಿ, ಬೆರಳಾಡಿಸಿದರೆ ತಾವು ಎಲ್ಲಿದ್ದೇವೆ ಅಂತ ತಿಳಿಯುತ್ತದೆ. ನಮ್ಮ ಕ್ಲಾಸಿನ ದೊಡ್ಡ ಗಲಾಟೆ ಹುಡುಗರು ಅವತ್ತು ಉಸಿರು ಬಿಗಿಹಿಡಿದು ಕೂತಿದ್ದರು. ಕಣ್ಣು ಕಾಣದ ಹುಡುಗ ಮಾತ್ರ ಚೆಂಡು ಅರ್ಧ ದಾರಿ ಬರುವಷ್ಟರಲ್ಲೇ ಎಡಕ್ಕೆ ವಾಲಿ ತಡೆದ. ಪಟ್ಟಿ ಬಿಚ್ಚಿದ ಮೇಲೆ ಹೇಗೆ ಗೊತ್ತಾಯ್ತು ಅಂತ ಎಲ್ಲರೂ ಅವನನ್ನೇ ಮುತ್ತಿಕೊಂಡರು.

ಕೂತು ಆಡುವ ವಾಲಿಬಾಲ್‌ನ ಅಂಗಳ 10 ಮೀಟರ್ ಉದ್ದ, 6 ಮೀಟರ್ ಅಗಲ. ನೆಟ್ ಗಂಡಸರಿಗೆ 1.15 ಮೀಟರ್, ಹೆಂಗಸರಿಗೆ 1.05 ಮೀಟರ್. ಮಕ್ಕಳಿಗೆ ಇನ್ನೂ ತಗ್ಗಿಸಬಹುದು. ಮೊದಲು ಬಲೂನು ಕೊಡಿ, ಅದು ನಿಧಾನಕ್ಕೆ ಇಳಿಯುವುದರಿಂದ ಕೈ ಮುಂದೆ ಮಾಡಲು ಎಲ್ಲರಿಗೂ ಸಮಯ ಸಿಗುತ್ತದೆ. ಆ ಹುಡುಗಿಯನ್ನು ಕೇಳಿದೆ, ಕೆಳಗೆ ಕೂರುತ್ತೇನೆ ಅಂದಳು. ವರ್ಷಗಟ್ಟಲೆ ಗಾಲಿ ತಳ್ಳಿ ಗಟ್ಟಿಯಾಗಿದ್ದ ಭುಜ ಅಲ್ವಾ, ಅವಳ ಸರ್ವ್ ತಡೆಯೋಕೆ ಉಳಿದವರು ಒದ್ದಾಡಿದರು.

ಕಿವಿ ಕೇಳದ ಮಕ್ಕಳಿದ್ದರೆ ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಬೇಡಿ, ನಿಮ್ಮ ತುಟಿ ಕಾಣುವುದಿಲ್ಲ. ಸೀಟಿಯ ಜೊತೆ ಬಾವುಟವನ್ನೂ ಎತ್ತಿ. ಆಟಿಸಂ ಇರುವ ಕೆಲವರಿಗೆ ಸೀಟಿಯೇ ಹಿಂಸೆ, ಅವರಿಗೂ ಬಾವುಟ ಸಾಕು. ಇವತ್ತು ಏನಾದ ಮೇಲೆ ಏನು ಅಂತ ಚಿತ್ರದಲ್ಲಿ ತೋರಿಸಿ.

ತಂಡವನ್ನು ನಾಯಕರ ಕೈಲಿ ಆರಿಸಬೇಡಿ. ಕೊನೆಗೆ ಉಳಿಯುವ ಮಗು ಯಾವುದು ಅಂತ ನಮಗೆಲ್ಲ ಗೊತ್ತು. ಚೀಟಿ ಎತ್ತಿಸಿ. ಸಹಾಯ ಮಾಡುವವರೂ ಕೇಳದೆ ವೀಲ್‌ಚೇರ್ ಹಿಡಿಯಬಾರದು, ಇದನ್ನು ಮೊದಲ ದಿನವೇ ಹೇಳಿಬಿಡಿ.

ಸ್ಕೋರ್ ಪುಸ್ತಕ ಈಗ ಹತ್ತು ನಿಮಿಷಕ್ಕೊಬ್ಬರ ಕೈಗೆ ಹೋಗುತ್ತದೆ. ಸರದಿ ಬಂದಾಗ ನಾನೂ ಬರೆಯುತ್ತೇನೆ.