ಮುನಿಸಿಕೊಂಡ ಅಣ್ಣತಮ್ಮಂದಿರ ಕಥೆಗೆ ಯೊರುಬಾ ಪುರಾಣ: ನಾನು ಬರೆಯುವ ಬಗೆ

ಆಫ್ರಿಕಾದ ಪುರಾಣವನ್ನು ಇಟ್ಟುಕೊಂಡು ಫ್ಯಾಂಟಸಿ ಬರೆಯಬೇಕೆಂದು ಹೊರಟವರು ಮೊದಲು ‘ಆಫ್ರಿಕಾ’ ಎಂಬ ಪದವನ್ನೇ ಬದಿಗಿಡಬೇಕು. ಘಾನಾದ ಅಕಾನ್ ಜನರ ಜೇಡ ಅನಾನ್ಸಿಯೂ ನೈಜೀರಿಯಾದ ಯೊರುಬಾ ದೈವಗಳೂ ಒಂದೇ ಮನೆಯವರಲ್ಲ. ಒಂದು ಜನ, ಒಂದು ಊರು ಆರಿಸಿಕೊಳ್ಳಿ. ನಾನು ಆರಿಸಿಕೊಂಡದ್ದು ಯೊರುಬಾ ಜನರ ಪವಿತ್ರ ಊರಾದ ಇಲೆ-ಇಫೆ.

ಅಲ್ಲಿನ ಕಥೆ ಹೀಗಿದೆ. ಕೆಳಗೆಲ್ಲ ನೀರು. ಭೂಮಿ ಮಾಡಿ ಬಾ ಎಂದು ಪರಮದೈವ ಒಲೊಡುಮಾರೆ ಮಣ್ಣಿನ ಚೀಲ ಕೊಟ್ಟು ಒಬಾಟಾಲನೆಂಬ ದೈವವನ್ನು ಕಳುಹಿಸುತ್ತಾನೆ. ದಾರಿಯಲ್ಲಿ ಒಬಾಟಾಲ ತಾಳೆಮರದ ಹೆಂಡ ಕುಡಿದು ಮಲಗಿಬಿಡುತ್ತಾನೆ. ಹಲವರ ಪ್ರಕಾರ ಅವನ ತಮ್ಮನಾದ ಒಡುಡುವಾ ಚೀಲವನ್ನು ಎತ್ತಿಕೊಂಡು, ಸರಪಳಿ ಹಿಡಿದು ಇಳಿದು, ನೀರಿನ ಮೇಲೆ ಮಣ್ಣು ಸುರಿಯುತ್ತಾನೆ. ಐದು ಬೆರಳಿನ ಕೋಳಿ ಅದನ್ನು ಕೆದರಿ ಹರಡುತ್ತದೆ. ಎಚ್ಚರಗೊಂಡ ಅಣ್ಣನ ಪಾಲಿಗೆ ಉಳಿದದ್ದು ಮಣ್ಣಿನಲ್ಲಿ ಮನುಷ್ಯರ ಮೈ ತಿದ್ದುವ ಕೆಲಸ. ಒಬಾಟಾಲನೇ ಭೂಮಿ ಮಾಡಿದ ಎನ್ನುವವರೂ ಇದ್ದಾರೆ. ಯಾವುದು ನಿಜ ಎಂದು ತೀರ್ಮಾನಿಸಲು ಹೋಗಬೇಡಿ. ಒಂದನ್ನು ಅಣ್ಣನ ಬಾಯಲ್ಲಿ ಹೇಳಿಸಿ, ಇನ್ನೊಂದನ್ನು ತಮ್ಮನ ಬಾಯಲ್ಲಿ. ಮುನಿಸು ಅಲ್ಲೇ ಹುಟ್ಟಿಕೊಳ್ಳುತ್ತದೆ.

ಹೆಸರುಗಳನ್ನು ಎತ್ತಿಕೊಳ್ಳುವ ಮೊದಲು ಕಸುಬನ್ನು ಎತ್ತಿಕೊಳ್ಳಿ. ಲಾಗೋಸ್‌ನಲ್ಲಿ ಇಂದಿಗೂ ನೀರಿಗೆ ಮರಳು ತುಂಬಿಸಿ ನೆಲ ಮಾಡುತ್ತಾರೆ. ಅಟ್ಲಾಂಟಿಕ್ ಸಾಗರವನ್ನೇ ಹಿಂದಕ್ಕೆ ತಳ್ಳಿ ಬಡಾವಣೆ ಕಟ್ಟಿದ್ದಾರೆ. ಇದು ತಿಳಿದ ದಿನವೇ ನನ್ನ ಕಥೆಯ ತಮ್ಮ ಸಿಕ್ಕಿದ: ಮರಳು ತುಂಬಿಸುವ ಗುತ್ತಿಗೆದಾರ. ಅಣ್ಣ ಇಬಾದಾನ್‌ನಲ್ಲಿ ಕೃತಕ ಕಾಲು ಮಾಡುತ್ತಾನೆ. ಅಂಗವೈಕಲ್ಯವುಳ್ಳವರನ್ನು ಯೊರುಬಾ ಜನ ಒಬಾಟಾಲನಿಗೆ ಸೇರಿದವರೆಂದು ಗೌರವಿಸುತ್ತಾರೆ. ಅವನ ಭಕ್ತರು ಬಿಳಿ ಬಟ್ಟೆ ತೊಡುತ್ತಾರೆ; ತಾಳೆ ಹೆಂಡ ಅವರಿಗೆ ನಿಷಿದ್ಧ. ನನ್ನ ಅಣ್ಣ ಬಿಳಿ ಅಂಗಿ ತೊಡುವುದಿಲ್ಲ; ಪ್ಲಾಸ್ಟರಿನ ಪುಡಿ ಮೊಣಕೈವರೆಗೆ ಅವನನ್ನು ಬೆಳ್ಳಗೆ ಮಾಡಿರುತ್ತದೆ. ಯಾರು ಏನು ಕೊಟ್ಟರೂ ನೀರನ್ನಷ್ಟೇ ಕುಡಿಯುತ್ತಾನೆ. ಇಷ್ಟು ಸಾಕು, ದೈವ ಯಾರೆಂದು ವಿವರಿಸಬೇಡಿ.

ಒಂದು ಎಚ್ಚರಿಕೆ. ನನ್ನ ಮೊದಲ ಕರಡಿನಲ್ಲಿ ಅಣ್ಣ ಎಲ್ಲವನ್ನೂ ತಮ್ಮನಿಗೇ ಬಿಟ್ಟು ಹೊರಟುಹೋಗುತ್ತಿದ್ದ. ಪಂಪನನ್ನು ಓದಿ ಬೆಳೆದ ನಮಗೆ ಅಣ್ಣತಮ್ಮಂದಿರ ಕಲಹವೆಂದರೆ ಬಾಹುಬಲಿಯ ತ್ಯಾಗವೇ ನೆನಪಾಗುತ್ತದೆ. ಒಬಾಟಾಲ ಎಲ್ಲವನ್ನೂ ತೊರೆದು ಹೋಗುವವನಲ್ಲ, ಕೆಲಸಕ್ಕೆ ಕೂರುವವನು. ಆ ಹಾಳೆಗಳನ್ನು ಹರಿದು ಹೊಸದಾಗಿ ಬರೆದೆ.

ಭೇಟಿಯ ದೃಶ್ಯವನ್ನು ಕೆಲಸದ ಮೇಜಿನ ಬಳಿಯೇ ಇಡಿ. ಹನ್ನೊಂದು ವರ್ಷ ಮಾತು ಬಿಟ್ಟಿದ್ದ ತಮ್ಮ ಊರುಗೋಲಿನ ಮೇಲೆ ಬಂದು ನಿಂತಿದ್ದಾನೆ. ಮರಳೆತ್ತುವ ಯಂತ್ರ ಅವನ ಎಡಗಾಲನ್ನು ಮಂಡಿಯ ಕೆಳಗೆ ಕಿತ್ತುಕೊಂಡಿದೆ. ಅಣ್ಣ ಅವನ ಮುಖ ನೋಡುವುದಿಲ್ಲ. ಸ್ಟೂಲನ್ನು ಕಾಲಿನಿಂದ ಮುಂದೆ ತಳ್ಳುತ್ತಾನೆ, ಅಳತೆ ಟೇಪು ಬಿಚ್ಚುತ್ತಾನೆ, ಒದ್ದೆ ಬಟ್ಟೆಯಿಂದ ಮಂಡಿಗೆ ಮೆತ್ತಿದ ಮರಳನ್ನು ಒರೆಸುತ್ತಾನೆ. ಅಳತೆ ಮುಗಿಯುವವರೆಗೆ ಇಬ್ಬರಿಗೂ ಮಾತು ಕೊಡಬೇಡಿ.