ಭಯದ ಪ್ರಯೋಗ: ಇಲಿಗಳ ಜೊತೆ ನನ್ನ ಅನುಭವ

ನಾನೀಗ ಕ್ಲಿನಿಕಲ್ ಸೈಕಾಲಜಿಸ್ಟ್. ಮೊದಲು ಪಿಎಚ್‌ಡಿಗಾಗಿ ಬಿಳಿ ಇಲಿಗಳ ಮೇಲೆ ಭಯದ ಪ್ರಯೋಗ ಮಾಡಿದ್ದೆ. ಒಂದು ಶಬ್ದ, ಅದು ಮುಗಿಯುತ್ತಿದ್ದ ಹಾಗೆ ಪಾದಕ್ಕೆ ಸಣ್ಣ ಶಾಕ್. ಕೆಲವೇ ಸಲಕ್ಕೆ ಇಲಿ ಕಲಿತುಬಿಡುತ್ತದೆ. ಆಮೇಲೆ ಶಬ್ದ ಕೇಳಿದರೆ ಸಾಕು, ಉಸಿರಾಟ ಬಿಟ್ಟು ಬೇರೇನೂ ಅಲುಗದ ಹಾಗೆ ಮರಗಟ್ಟಿ ಕೂರುತ್ತದೆ. ಶಾಕ್ ಇಲ್ಲದೆ ಬರೀ ಶಬ್ದ ಕೇಳಿಸುತ್ತಾ ಹೋದರೆ ಭಯ ಇಳಿಯುತ್ತದೆ. ಅದು ಹೇಗೆ ಇಳಿಯುತ್ತದೆ ಅನ್ನೋದೇ ನಮ್ಮ ಪ್ರಶ್ನೆ.

ಇದಕ್ಕೆ ಅನುಮತಿ ಸುಮ್ನೆ ಸಿಗುವುದಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಇದೆ, ಅದರಡಿ 1998ರ ನಿಯಮಗಳಿವೆ. ಸಂಸ್ಥೆಯ ಎಥಿಕ್ಸ್ ಕಮಿಟಿಗೆ ಫಾರ್ಮ್ ಬಿ ತುಂಬಿ ಕೊಡಬೇಕು. ಎಷ್ಟು ಇಲಿ, ಅಷ್ಟೇ ಯಾಕೆ, ಬೇರೆ ದಾರಿ ಇಲ್ವಾ, ನೋವು ಹೇಗೆ ಕಡಿಮೆ ಮಾಡುತ್ತೀರಿ, ಪ್ರಯೋಗ ಮುಗಿದ ಮೇಲೆ ಅವುಗಳನ್ನು ಏನು ಮಾಡುತ್ತೀರಿ. ಕೊನೆಯ ಪ್ರಶ್ನೆಗೆ ಬರುವಾಗ ಕೈ ತಡೆಯುತ್ತದೆ. ಮೆದುಳನ್ನು ಕತ್ತರಿಸಿ ನೋಡಬೇಕಾದರೆ ಇಲಿಯನ್ನು ಕೊಲ್ಲಲೇಬೇಕು. ಆ ಮಾತನ್ನು ನಾನು ಸುತ್ತಿ ಬಳಸದೆ ಬರೆದೆ.

ಶಾಕ್‌ಗಿಂತ ಮುಂಚಿನ ದಿನಗಳೇ ಮುಖ್ಯ. ಬಾಲ ಹಿಡಿದು ಎತ್ತಬಾರದು. ಕೇಜಿನೊಳಗೆ ಕೈ ಇಟ್ಟು ಕಾಯಬೇಕು. ಮೊದಲು ಮೀಸೆ ತಾಕುತ್ತದೆ, ಆಮೇಲೆ ಬೆರಳ ಮೇಲೆ ಮುಂಗಾಲು ಬರುತ್ತದೆ. ರೂಢಿಯಾದ ಮೇಲೆ ಎದೆಗೆ ಆನಿಸಿಕೊಂಡರೆ ತೋಳಸಂದಿಗೆ ಮೂತಿ ತೂರಿಸಿ ಸುಮ್ಮನಾಗುತ್ತದೆ. ಒತ್ತಡದಲ್ಲಿರುವ ಇಲಿಯ ಕಣ್ಣಂಚಿನಲ್ಲಿ ಕೆಂಪು ಕಾಣುತ್ತದೆ. ರಕ್ತದ ಹಾಗಿರುತ್ತದೆ, ಆದರೆ ಅದು ಕಣ್ಣಿನ ಹಿಂದಿನ ಗ್ರಂಥಿಯಿಂದ ಬರುವ ದ್ರವ. ಅದು ಕಂಡ ದಿನ ಆ ಇಲಿಗೆ ಪ್ರಯೋಗ ಇಲ್ಲ. ಬಾಲ ಹಿಡಿದು ಎತ್ತಿದ ಸುಂಡಿಲಿಗಳಿಗೆ (ಮೌಸ್) ಆತಂಕ ಜಾಸ್ತಿ, ಬೊಗಸೆಯಲ್ಲೋ ಕೊಳವೆಯಲ್ಲೋ ಎತ್ತಿದವಕ್ಕೆ ಕಡಿಮೆ ಎಂದು ಲಿವರ್‌ಪೂಲ್ ವಿಶ್ವವಿದ್ಯಾಲಯದವರು 2010ರಲ್ಲೇ ತೋರಿಸಿದ್ದಾರೆ. ಮೊದಲೇ ಹೆದರಿ ನಡುಗುತ್ತಿರುವ ಪ್ರಾಣಿಯಲ್ಲಿ ಭಯ ಅಳೆದರೆ ಆ ಅಂಕಿಗೆ ಏನರ್ಥ?

ನಾನು ಒಪ್ಪದ ಪ್ರಯೋಗವೂ ಇದೆ. ಪೋರ್ಸೋಲ್ಟ್ ಎಂಬ ಸಂಶೋಧಕ 1977ರಲ್ಲಿ ತಂದ ಈಜಿನ ಪರೀಕ್ಷೆ. ಹೊರಬರಲಾಗದ ನೀರಿನ ಪಾತ್ರೆಯಲ್ಲಿ ಇಲಿಯನ್ನು ಬಿಟ್ಟು, ಅದು ಈಜು ನಿಲ್ಲಿಸಿದರೆ ಹತಾಶೆ ಎಂದು ಲೆಕ್ಕ ಹಾಕುತ್ತಾರೆ. ಶಕ್ತಿ ಉಳಿಸಿಕೊಳ್ಳಲು ತೇಲುತ್ತಿರಬಹುದು, ಅಲ್ವಾ? ಉತ್ತರ ಇಷ್ಟು ಮಸುಕಾಗಿರುವಾಗ ಆ ಸಂಕಟ ಕೊಡಲು ನನಗೆ ಮನಸ್ಸಿಲ್ಲ.

ಹಾಗಂತ ಪ್ರಾಣಿಗಳ ಅಧ್ಯಯನವೇ ಬೇಡ ಅನ್ನಲಾರೆ. ಪ್ರಯೋಗದ ಒಂದು ಪೆಟ್ಟಿಗೆಯಲ್ಲಿ ಇಳಿದ ಭಯ ಬೇರೆ ಪೆಟ್ಟಿಗೆಯಲ್ಲಿ ಮರಳುತ್ತದೆ ಎಂದು ಮನೋವಿಜ್ಞಾನಿ ಮಾರ್ಕ್ ಬೌಟನ್ ಇಲಿಗಳಲ್ಲಿ ತೋರಿಸಿದರು. ಭಯ ಅಳಿಸಿಹೋಗಿರುವುದಿಲ್ಲ. 'ಇಲ್ಲಿ ಅಪಾಯವಿಲ್ಲ' ಎಂಬ ಹೊಸ ಪಾಠ ಸೇರಿಕೊಂಡಿರುತ್ತದೆ, ಅದೂ ಆ ಜಾಗಕ್ಕೆ ಮಾತ್ರ. ನಾಯಿಗೆ ಹೆದರುವವರು ನನ್ನ ಬಳಿ ಬರುತ್ತಾರೆ. "ನಿಮ್ಮ ಜೊತೆ ಇದ್ದಾಗ ಏನೂ ಆಗಲ್ಲ ಮೇಡಂ, ನಮ್ಮ ಬೀದಿಗೆ ಹೋದ್ರೆ ಕಾಲೇ ಏಳಲ್ಲ" ಅಂತಾರೆ. ಅದು ಅವರ ಸೋಲಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಅಭ್ಯಾಸವನ್ನು ಪಾರ್ಕಿಗೆ, ನಾಯಿ ಸಾಕಿದ ನೆಂಟರ ಮನೆಗೆ, ಹಾಲಿನ ಅಂಗಡಿಯ ದಾರಿಗೆ ಒಯ್ಯುತ್ತೇವೆ. ಒಮ್ಮೆ ಬೆಳಗ್ಗೆ, ಒಮ್ಮೆ ಸಂಜೆ, ಆಮೇಲೆ ನಾನಿಲ್ಲದೆ.

ಶಬ್ದ-ಶಾಕ್ ಪ್ರಯೋಗವನ್ನು ಬರೀ ಕಲಿಯೋದಕ್ಕಾಗಿ ಮಾಡಬೇಕು ಅನ್ನುವ ವಿದ್ಯಾರ್ಥಿಗಳಿಗೆ ಹಳೆಯ ವಿಡಿಯೊ ಕೊಡುತ್ತೇನೆ. ಇಲಿ ಮರಗಟ್ಟಿದ ಸೆಕೆಂಡುಗಳನ್ನು ಅದರಲ್ಲೇ ಎಣಿಸಬಹುದು. ಯಾರೂ ಕೇಳದ ಪ್ರಶ್ನೆಯೊಂದನ್ನು ತಂದರೆ ಆಗ ಜೊತೆಗೆ ಕೂತು ಫಾರ್ಮ್ ಬಿ ತುಂಬುತ್ತೇನೆ.