ಕಟ್ಟಡ ಪರವಾನಗಿ ಶುಲ್ಕದಿಂದ ಬಾವಿ ನೀರು ಉಳಿಸುವುದು: ಕರಾವಳಿಯ ಪಂಚಾಯತ್‌ಗಳಿಗೆ ಕೈಪಿಡಿ

ಮಂಗಳೂರು, ಉಡುಪಿ ಸೀಮೆಯಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿ ಮಳೆ ಬರುತ್ತದೆ. ಆದರೂ ಏಪ್ರಿಲ್ ಹೊತ್ತಿಗೆ ಗುಡ್ಡದ ಬಾವಿಗಳಲ್ಲಿ ತಳ ಕಾಣುತ್ತದೆ. ಇಲ್ಲಿನ ನೆಲದ ಮುರಕಲ್ಲು (ಲ್ಯಾಟರೈಟ್) ನೀರನ್ನು ಬೇಗ ಹೀರಿ ಬೇಗ ಬಿಟ್ಟುಬಿಡುತ್ತದೆ. ಮೇಲೆ ತಾರಸಿ, ಇಂಟರ್‌ಲಾಕ್ ಬಂದರೆ ಹೀರುವುದಕ್ಕೂ ಜಾಗವಿಲ್ಲ. 100 ಚದರ ಮೀಟರ್ ತಾರಸಿಯ ಮೇಲೆ 3,500 ಮಿ.ಮೀ. ಮಳೆಯೆಂದರೆ ಮೂರೂವರೆ ಲಕ್ಷ ಲೀಟರ್. ಐದರಲ್ಲೊಂದು ಪಾಲು ಕಳೆದರೂ 2.8 ಲಕ್ಷ ಲೀಟರ್ ತೋಡು (ಸಣ್ಣ ಹಳ್ಳ) ಸೇರುತ್ತದೆ. ಕಟ್ಟುವವರು ಆ ನೆಲಕ್ಕೆ ಏನಾದರೂ ಹಿಂದಿರುಗಿಸಬೇಕೆಂದು ಕೇಳುವುದು ನ್ಯಾಯವೇ. ಕೇಳುವ ಕ್ರಮ ಮಾತ್ರ ಸರಿಯಿರಬೇಕು.

ಮೊದಲು ಕಾನೂನು. ಸಂವಿಧಾನದ 265ನೇ ವಿಧಿಯಂತೆ ಕಾನೂನಿನ ಅಧಿಕಾರವಿಲ್ಲದೆ ತೆರಿಗೆ ಹಾಕುವಂತಿಲ್ಲ. ಹೆಸರು ಶುಲ್ಕವಾದ ಮಾತ್ರಕ್ಕೆ ಪಾರಾಗುವುದೂ ಇಲ್ಲ. ತೆರಿಗೆಗೂ ಶುಲ್ಕಕ್ಕೂ ಇರುವ ವ್ಯತ್ಯಾಸವನ್ನು ಸುಪ್ರೀಂ ಕೋರ್ಟ್ ಖಚಿತವಾಗಿ ಹೇಳಿದ್ದು ಉಡುಪಿಯದೇ ಮೊಕದ್ದಮೆಯಲ್ಲಿ, 1954ರ ಶಿರೂರು ಮಠದ ತೀರ್ಪಿನಲ್ಲಿ. ಮಠಗಳಿಂದ ಪಡೆದ ವಂತಿಗೆ ಸರ್ಕಾರದ ಸಾಮಾನ್ಯ ಬೊಕ್ಕಸಕ್ಕೆ ಸೇರುತ್ತಿತ್ತು, ನಿರ್ದಿಷ್ಟ ಸೇವೆಗೆಂದು ಎತ್ತಿಟ್ಟಿರಲಿಲ್ಲ. ಹಾಗಾಗಿ ಅದು ಶುಲ್ಕವಲ್ಲ, ತೆರಿಗೆ ಎಂದಿತು ನ್ಯಾಯಾಲಯ. ಆದ್ದರಿಂದ ಬ್ಯಾಂಕಿನಲ್ಲಿ ಪ್ರತ್ಯೇಕ ಖಾತೆ ತೆರೆಯದೆ ಒಂದು ರೂಪಾಯಿಯನ್ನೂ ಪಡೆಯಬೇಡಿ.

ಪಂಚಾಯತ್‌ಗೆ ತೆರಿಗೆ, ಶುಲ್ಕದ ಅಧಿಕಾರ ಬರುವುದು 1993ರ ಪಂಚಾಯತ್ ರಾಜ್ ಕಾಯ್ದೆಯ 199ನೇ ಪ್ರಕರಣದಿಂದ. ಅದರ ಮಿತಿ ದಾಟಿ ಹೊಸ ಶುಲ್ಕ ಹುಟ್ಟಿಸುವುದಕ್ಕಿಂತ, ಈಗಿರುವ ಪರವಾನಗಿ ಶುಲ್ಕದ ಇಂತಿಷ್ಟು ಪಾಲು ಅಂತರ್ಜಲಕ್ಕೆ ಎಂದು ನಿರ್ಣಯ ಮಾಡಿ, ಗ್ರಾಮಸಭೆಯ ಮುಂದಿಡುವುದು ಗಟ್ಟಿ ದಾರಿ. ಲೇಔಟ್ ಅನುಮೋದನೆಯ ಹೊತ್ತಿಗೆ ನಗರಾಭಿವೃದ್ಧಿ ಪ್ರಾಧಿಕಾರಗಳು ಕೆರೆ ಅಭಿವೃದ್ಧಿಗೆಂದೇ ಶುಲ್ಕ ಪಡೆಯುತ್ತವೆ. ನಿಮ್ಮ ಊರಿನ ಲೇಔಟುಗಳ ಪಾಲು ಎಲ್ಲಿದೆ ಎಂದು ಲಿಖಿತವಾಗಿ ಕೇಳಿ.

ಎಷ್ಟು ಪಾಲು? ಖರ್ಚಿನಿಂದ ಹಿಂದಕ್ಕೆ ಲೆಕ್ಕ ಹಾಕಿ. ವರ್ಷಕ್ಕೆ 120 ಅರ್ಜಿ, ಪ್ರತಿ ಅರ್ಜಿಗೆ ಎರಡು ಸ್ಥಳ ತನಿಖೆ, ತಲಾ 400 ರೂ. ಎಂದಿಟ್ಟುಕೊಂಡರೆ 96,000 ರೂ. ಹದಿನೈದು ಬಾವಿಗಳ ನೀರನ್ನು ಮೇ ಮತ್ತು ನವೆಂಬರಿನಲ್ಲಿ ತಲಾ 600 ರೂ. ಕೊಟ್ಟು ಪರೀಕ್ಷಿಸಿದರೆ 18,000. ಒಟ್ಟು 1,14,000, ಅರ್ಜಿಯೊಂದಕ್ಕೆ 950 ರೂ. ಮದಕದ (ಸಣ್ಣ ಕೆರೆಯ) ಹೂಳೆತ್ತುವ ಖರ್ಚನ್ನು ಇದಕ್ಕೆ ಸೇರಿಸುವುದಾದರೆ ಸಣ್ಣ ಮನೆಗೂ ವಸತಿ ಸಮುಚ್ಚಯಕ್ಕೂ ಒಂದೇ ದರ ಬೇಡ, ನೆಲ ಮುಚ್ಚುವ ವಿಸ್ತೀರ್ಣದ ಮೇಲೆ ಹಂಚಿ. ಈ ಲೆಕ್ಕದ ಹಾಳೆ ನಿರ್ಣಯದ ಜೊತೆಗೇ ಇರಲಿ. ತಕರಾರು ಬಂದರೆ ಕೈಹಿಡಿಯುವುದು ಅದೇ.

ಮೊದಲ ತನಿಖೆ ಅಡಿಪಾಯಕ್ಕೂ ಮುಂಚೆ. ಮಳೆನೀರಿನ ಇಂಗುಗುಂಡಿ ತೋಡುವಲ್ಲಿ ನೀರು ಹೊಯ್ದು ಮಣ್ಣು ನೆನೆಯಲು ಬಿಡಿ, ಮತ್ತೆ ಒಂದಡಿ ನೀರು ತುಂಬಿ ಗಂಟೆಗೆ ಎಷ್ಟು ಇಳಿಯಿತೆಂದು ಕೋಲಿಟ್ಟು ನೋಡಿ. ತಳದಲ್ಲಿ ಬಿಳಿ ಅಥವಾ ನಸುಗೆಂಪಿನ, ಜಾರುವ ಶೇಡಿ ಮಣ್ಣು ಸಿಕ್ಕಿದರೆ ನೀರು ನಿಂತಲ್ಲೇ ನಿಲ್ಲುತ್ತದೆ. ಗುಡ್ಡ ಕಡಿದ ಜಾಗದಲ್ಲಿ ಶೇಡಿಯ ಮೇಲೆ ನೀರಿಂಗಿಸಿದರೆ ಧರೆಯೇ ಜಾರೀತು. ಅಲ್ಲಿ ಇಂಗುಗುಂಡಿ ಬೇಡವೇ ಬೇಡ, ತಾರಸಿಯ ನೀರನ್ನು ಸೋಸಿ ತೆರೆದ ಬಾವಿಗೆ ಬಿಡಲು ಹೇಳಿ.

ಶೌಚದ ಗುಂಡಿಯ ಅಂತರವನ್ನೂ ಆಗಲೇ ಅಳೆಯಬೇಕು. ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್ ಎನ್ನುತ್ತದೆ ಭಾರತೀಯ ಮಾನಕ. ಮುರಕಲ್ಲಿನ ಪೊಟರೆಗಳಲ್ಲಿ ಕೊಳಕು ನೀರು ಸರಾಗ ಹರಿಯುವುದರಿಂದ ಅದೂ ಕಡಿಮೆಯೇ. ಐದು ಸೆಂಟ್ಸ್ ಜಾಗ ಒಂದು ಬದಿ 14 ಮೀಟರ್ ಆಸುಪಾಸು. ಅಷ್ಟು ದೂರ ಸಿಗುವುದೇ ಕಷ್ಟ. ಪಕ್ಕದ ಮನೆಯ ಬಾವಿಯನ್ನು ನಕ್ಷೆಯಲ್ಲಿ ತೋರಿಸದ ಅರ್ಜಿಯನ್ನು ಹಿಂದಕ್ಕೆ ಕಳಿಸಿ.

ಎರಡನೇ ತನಿಖೆ ಮನೆ ನಂಬ್ರ ಕೊಡುವ ಮುಂಚೆ. ತಾರಸಿಯ ಪೈಪು ಇಂಗುಗುಂಡಿಗೇ ಬರುತ್ತದೆಯೇ ಎಂದು ಮೇಲಿನಿಂದ ಒಂದು ಕೊಡ ನೀರು ಹೊಯ್ದು ನೋಡಿ. ಫೋಟೋ ನೋಡಿ ಸಹಿ ಹಾಕಿದರೆ ಪೈಪು ತೋಡಿನಲ್ಲೇ ಉಳಿಯುತ್ತದೆ.

ಹಣದ ಕ್ರಿಯಾಯೋಜನೆ ನವೆಂಬರಿನಲ್ಲೇ ಆಗಬೇಕು. ಮದಕದ ಹೂಳೆತ್ತಲು ಸಿಗುವುದು ಫೆಬ್ರವರಿಯಿಂದ ಮೇ ನಡುವಿನವರೆಗೆ ಮಾತ್ರ. ಮಾರ್ಚ್ ಕೊನೆಗೆ ಟೆಂಡರ್ ಕರೆದರೆ ಮಳೆ ಬಂದು ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ನದಿ, ಅಳಿವೆ ಬದಿಯ ಬಾವಿಗಳಲ್ಲಿ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ದಾಟಿ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಉಪ್ಪುನೀರು ಒಳಬರುತ್ತಿದೆ ಎಂದೇ ಅನುಮಾನಿಸಿ. ಆ ಸುತ್ತಿನಲ್ಲಿ ಪಂಚಾಯತ್ ತಾನೇ ಹೊಸ ಕೊಳವೆ ಬಾವಿ ಕೊರೆಸುವುದನ್ನು ನಿಲ್ಲಿಸಿ, ಆ ವರ್ಷದ ಪಾಲನ್ನು ಮೇಲ್ಭಾಗದ ತೋಡಿನಲ್ಲಿ ನೀರು ತಡೆಯುವ ಕಟ್ಟಗಳಿಗೆ ಕೊಡಬೇಕು.